ತಕ್ಕಡಿಯಲ್ಲಿ ತೂಗಿದ ಊಟ

ಜಯನಗರ, ಜೆ.ಪಿ. ನಗರಗಳಲ್ಲಿ ತೂಕ ಇಳಿಸಲು ‘ಕೀಟೋ’ ಹಿಡಿದವರುಂಟು. ಈ ಪಥ್ಯದ ಮೂಲ ಮಾತ್ರ ಮೂರ್ಛೆರೋಗದ ಚಿಕಿತ್ಸೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ವೈದ್ಯರು ಇಂದಿಗೂ ಇದನ್ನು ಹೇಳುವುದುಂಟು.

ಅನ್ನ, ಮುದ್ದೆ, ಸಕ್ಕರೆಯಿಂದ ಬರುವ ಶರ್ಕರಪಿಷ್ಟ ತೀರಾ ಕಡಿಮೆಯಾದರೆ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಮಿದುಳಿಗೆ ಅದೇ ಇಂಧನವಾಗುತ್ತದೆ. ಕಟ್ಟುನಿಟ್ಟಿನ ಪಥ್ಯದಲ್ಲಿ ಪ್ರೋಟೀನು, ಶರ್ಕರಪಿಷ್ಟ ಎರಡೂ ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ ಇರಬೇಕು. ಸೌಟಿನ ಅಂದಾಜು ಇಲ್ಲಿ ನಡೆಯದು. ತುಪ್ಪ, ಪನೀರು, ಸೊಪ್ಪು ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಬೇಕು. ಮಗು ತಟ್ಟೆಯಲ್ಲಿ ಬಿಟ್ಟದ್ದು, ಮೂರ್ಛೆ ಬಂದ ಹೊತ್ತು, ಮೂತ್ರದಲ್ಲಿ ಕಂಡ ಕೀಟೋನ್ ಪ್ರಮಾಣವೂ ಅದರಲ್ಲಿರಬೇಕು. ಆ ಪುಸ್ತಕ ನೋಡಿಯೇ ವೈದ್ಯರು ಪಥ್ಯವನ್ನು ಹೆಚ್ಚುಕಡಿಮೆ ಮಾಡುವುದು.

ಬನಶಂಕರಿ ಗುಡಿಯ ಸಿಹಿ ಪ್ರಸಾದ, ಕೆಮ್ಮಿನ ಸಿರಪ್ಪು, ಗೆಳೆಯ ಕೊಟ್ಟ ಪೆಪ್ಪರಮೆಂಟು ಕೂಡ ಈ ಲೆಕ್ಕ ಕೆಡಿಸಬಲ್ಲವು. ಆದ್ದರಿಂದ ಪೋಷಕರು ಶಿಕ್ಷಕರಿಗೆ ಮೊದಲೇ ತಿಳಿಸಿರಲಿ. ವಿದ್ಯಾರ್ಥಿಗಳೇ, ಅಂಥ ಸಹಪಾಠಿಗೆ ನಿಮ್ಮ ಡಬ್ಬಿಯ ತಿಂಡಿ ಕೊಡಬೇಡಿ. ಪಕ್ಕದಲ್ಲಿ ಕೂತು ಊಟ ಮಾಡಿ.

ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಬೆಳವಣಿಗೆ ಕುಂಠಿತವಾಗುವುದು ಈ ಪಥ್ಯದ ತೊಂದರೆಗಳು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಂಥ ಆಸ್ಪತ್ರೆಯ ನರರೋಗ ತಜ್ಞರನ್ನು ಕೇಳದೆ ಪಥ್ಯ ಹಿಡಿಯುವುದೂ ಬೇಡ, ಮಾತ್ರೆ ಬಿಡುವುದೂ ಬೇಡ.