ಟ್ರ್ಯಾಕ್ಟರಿನ ಗಾಲಿಯಲ್ಲಿ ನೀರೇಕೆ?

ಪ್ರಶ್ನೆ: ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಲ್ಲಿ ನೀರು ತುಂಬಿಸುವುದೇಕೆ? ತೋಟದ ಸಣ್ಣ ಟ್ರ್ಯಾಕ್ಟರಿಗೂ ಅದು ಅವಶ್ಯವೇ?

ಉತ್ತರ: ಯಂತ್ರದ ಶಕ್ತಿಯೆಲ್ಲವೂ ಕಟ್ಟಕಡೆಗೆ ಗಾಲಿಯು ನೆಲವನ್ನು ಕಚ್ಚಿ ಹಿಡಿಯುವ ಅಲ್ಪಸ್ಥಳದಲ್ಲಿಯೇ ಕಾರ್ಯರೂಪಕ್ಕೆ ಬರಬೇಕಾದುದರಿಂದಲೂ, ಆ ಹಿಡಿತವು ಗಾಲಿಯ ಮೇಲಣ ಭಾರವನ್ನು ಅವಲಂಬಿಸಿರುವುದರಿಂದಲೂ, ಹಗುರವಾದ ಟ್ರ್ಯಾಕ್ಟರು ನೇಗಿಲನ್ನೆಳೆಯುವಾಗ ಮುಂದೆ ಸಾಗದೆ ನಿಂತಲ್ಲಿಯೇ ಗಾಲಿ ತಿರುಗಿಸುತ್ತ ಡೀಸೆಲನ್ನೂ ಟಯರನ್ನೂ ವ್ಯರ್ಥವಾಗಿ ಸವೆಸುತ್ತದೆ. ಈ ಕೊರತೆಯನ್ನು ನೀಗಲು ಎರಕದ ಕಬ್ಬಿಣದ ತೂಕಗಳನ್ನು ಬಿಗಿಯುವುದುಂಟು. ಆದರೆ ನೀರಿನಷ್ಟು ಸುಲಭಸಾಧ್ಯವಾದ ಭಾರವು ಮತ್ತೊಂದಿಲ್ಲ. ಗಾಲಿಯನ್ನು ಜಾಕಿನಿಂದೆತ್ತಿ, ವಾಲ್ವನ್ನು ನೆತ್ತಿಗೆ ತಂದು, ಆ ಮಟ್ಟದವರೆಗೆ ತುಂಬಿದರೆ ಟಯರಿನ ಸುಮಾರು ಮುಕ್ಕಾಲು ಪಾಲು ನೀರಾಗುತ್ತದೆ. ಉಳಿದ ಕಾಲುಭಾಗದಲ್ಲಿ ಗಾಳಿಯಿರಲೇಬೇಕು, ಏಕೆಂದರೆ ನೀರು ಅದುಮಿದರೆ ಕುಗ್ಗದು, ಗಾಳಿಯಿಲ್ಲದ ಟಯರು ಕಲ್ಲಿನೇಟನ್ನು ತಾಳಲಾರದು. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುವರು. ಅದು ಸೋರಿದರೆ ರಿಮ್ಮಿಗೆ ತುಕ್ಕು ತಪ್ಪಿದ್ದಲ್ಲ. ನಮ್ಮಲ್ಲಿ ಆ ಉಪದ್ರವವೇ ಬೇಕಿಲ್ಲ.

ಆದರೆ ಸಣ್ಣ ಟ್ರ್ಯಾಕ್ಟರು ವರ್ಷವೆಲ್ಲ ಒಂದೇ ಕೆಲಸವನ್ನು ಮಾಡುವುದಿಲ್ಲ. ಬೇಸಗೆಯ ಉಳುಮೆಗೂ, ಮುಂಗಡೆ ಲೋಡರ್ ಕಟ್ಟಿ ಗೊಬ್ಬರವೆತ್ತುವುದಕ್ಕೂ ಉಪಕಾರಿಯಾದ ಅದೇ ಭಾರವು ಮಳೆಗಾಲದ ಅಡಿಕೆ ತೋಟದಲ್ಲಿ ಗಾಲಿಯನ್ನು ಹೂಳುವುದಲ್ಲದೆ, ಹಸಿಮಣ್ಣನ್ನು ಗಟ್ಟಿಮಾಡಿ ಬೇರುಗಳ ಉಸಿರನ್ನೂ ಕಟ್ಟುತ್ತದೆ. ರೋಟವೇಟರಿಗಂತೂ, ಅದರ ತಿರುಗುವ ಅಲಗುಗಳೇ ಯಂತ್ರವನ್ನು ಮುಂದಕ್ಕೆ ತಳ್ಳುವುದರಿಂದ, ಈ ಭಾರದ ಹಂಗೇ ಇಲ್ಲ. ಆದುದರಿಂದ ಮಳೆ ಹಿಡಿಯುವ ಮುನ್ನ ವಾಲ್ವನ್ನು ಕೆಳಕ್ಕೆ ತಂದು ನೀರನ್ನು ಹೊರಬಿಡಿ. ಅನಂತರ ಕೈಪಿಡಿಯಲ್ಲಿ ಹೇಳಿದಷ್ಟೇ ಗಾಳಿ ಹಾಕಿಸಿರಿ.