ಈರ್ಯಾನ ಮನೆಯ ಅಗಳಿ

ಬಾಗಿಲ ಹಿಂದೆ ಗೋಡೆಯಲ್ಲೊಂದು ಚೌಕನೆಯ ತೂತು. ಅಜ್ಜಿ ಬಾಗಿಲು ಮುಚ್ಚಿ ಆ ತೂತಿನೊಳಗೆ ಕೈ ಹಾಕಿ ಎಳೆದರು. ತೊಡೆಗಾತ್ರದ ಕಟ್ಟಿಗೆಯೊಂದು ಗರಗರ ಸದ್ದು ಮಾಡುತ್ತ ಹೊರಬಂದು, ಬಾಗಿಲ ಅಗಲ ದಾಟಿ, ಎದುರು ಗೋಡೆಯ ತೂತಿನಲ್ಲಿ ಹೋಗಿ ಕೂತಿತು. ಪಡಸಾಲೆ ಒಮ್ಮೆಲೇ ಕತ್ತಲಾಯಿತು.

“ಅಗಳಿ ಬಿತ್ತಂದ್ರ ಮುಗೀತು ತಮ್ಮಾ. ಹೊರಗಿನವ್ರು ಹೊರಗ, ಒಳಗಿನವ್ರು ಒಳಗ.”

ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ಎಂದರೆ ಹಳಬರು ಮುಗಟಖಾನ ಹುಬ್ಬಳ್ಳಿ ಎನ್ನುವ ಊರಿನಲ್ಲಿ, ಪರಿಚಯದವರ ಹಳೆಯ ಮನೆಗೆ ಬಂದಿದ್ದೆ. ಹೊರಟದ್ದು ಬೈಲಹೊಂಗಲ ತಾಲ್ಲೂಕಿನ ಬೈಲವಾಡಕ್ಕೆ. ‘ಸಂಗ್ಯಾ ಬಾಳ್ಯಾ’ ಕತೆ ನಡೆದದ್ದು ಅಲ್ಲೇ ಎಂದು ಈ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಕಿತ್ತೂರು ಬಿದ್ದು ಕುಂಪಣಿ ಸರಕಾರ ಬೇರೂರಿದ ಮೇಲಿನ ಕಾಲ. ಅದನ್ನು ಸಣ್ಣಾಟವಾಗಿ, ಎಂದರೆ ಹಾಡು ಮಾತಿನ ಜನಪದ ಆಟವಾಗಿ, ಕಟ್ಟಿದವರು ಬೈಲಹೊಂಗಲದ ಪತ್ತಾರ ಮಾಸ್ತರರು. 1975ರಲ್ಲಿ ಚಂದ್ರಶೇಖರ ಕಂಬಾರರ ನಾಟಕವಾಗಿ ಅದು ನಾಡಿನ ಉಳಿದ ಭಾಗಕ್ಕೂ ಹೋಯಿತು. ಈರ್ಯಾ ವ್ಯಾಪಾರಸ್ಥ, ಗಂಗಿ ಅವನ ಹೆಂಡತಿ, ಸಂಗ್ಯಾ ಅವಳಿಗೆ ಮನಸೋತವನು, ಬಾಳ್ಯಾ ಅವನ ಜೀವದ ಗೆಳೆಯ. ಕೊನೆಗೆ ಗೆಳೆಯನೇ ಎರಡು ಬಗೆಯುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಚಿಕ್ಕಂದಿನಿಂದ ದಪ್ಪು, ತಾಳ, ಹಾರ್ಮೋನಿಯಂಗಳ ನಡುವೆ ಈ ಕತೆ ಕೇಳಿದ್ದೇನೆ. ಆದರೆ ಈ ಜನ ಎಂಥ ಮನೆಯಲ್ಲಿ ಇದ್ದರು, ಏನು ಹಿಡಿದು ಏನು ಹೊತ್ತು ಬದುಕಿದರು ಎಂದು ಯೋಚಿಸಿರಲಿಲ್ಲ. ಅಗಳಿ ಬಿದ್ದ ಸದ್ದಿಗೆ ಆ ಯೋಚನೆ ಶುರುವಾಯಿತು.

ಕತ್ತಲಿಗೆ ಕಣ್ಣು ಹೊಂದಿದ ಮೇಲೆ ಒಂದೊಂದೇ ಕಂಡವು. ಮಣ್ಣಿನ ಗೋಡೆ ಎಷ್ಟು ದಪ್ಪವೆಂದರೆ ಅದರ ಗೂಡಿನಲ್ಲಿ ನನ್ನ ಮೊಳಕೈ ಪೂರ್ತಿ ಹೋಗಿ ಇನ್ನೂ ಜಾಗ ಉಳಿಯಿತು. ಓಣಿಯ ಕಡೆಗೆ ಒಂದೂ ಕಿಟಕಿಯಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ನೆಲದ ಮೇಲೆ ನಿಧಾನ ಸರಿಯುತ್ತಿತ್ತು. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳ ಗೋದಲಿ, ಅದರ ಮೇಲಿನ ಕಟ್ಟೆಯಲ್ಲಿ ಮನುಷ್ಯರ ಪಡಸಾಲೆ, ಒಳಗೆ ಅಡುಗೆಮನೆ. ಇಂಥ ಮನೆಗೆ ಪರಗಂಡಸಿನ ಕಣ್ಣೂ ತಲುಪದು, ಮಾತೂ ತಲುಪದು.

ಹಾಗಾಗಿಯೇ ಕತೆಯಲ್ಲಿ ಸಂಗ್ಯಾ, ಗಂಗಿಯರ ನಡುವೆ ಓಡಾಡುವ ಮುದುಕಿ ಬೇಕಾಗುತ್ತಾಳೆ. ಆಟದಲ್ಲಿ ನಗಿಸಲು ತಂದ ಪಾತ್ರವೆಂದೇ ನಾನು ಅಂದುಕೊಂಡಿದ್ದೆ. ಅಡುಗೆಮನೆಯ ಮೂಲೆಯ ಬೀಸುಕಲ್ಲಿನ ಮುಂದೆ ಕೂತಾಗ ಆಕೆಯ ಕೆಲಸ ತಿಳಿಯಿತು. ಜೋಳ ಬೀಸಲು ಸಾಮಾನ್ಯವಾಗಿ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಕಲ್ಲಿನ ಸದ್ದಿನಲ್ಲಿ ಆಡಿದ ಮಾತು ಪಡಸಾಲೆಯ ಅತ್ತೆಗೂ ಕೇಳದು. ಅಗಳಿ ತಡೆಯದ ಒಂದೇ ಜೀವ, ಬೀಸಲು ಕೈಗೂಡಿಸಲು ಬರುವ ನೆರೆಮನೆಯ ಮುದುಕಿ.

ಹಿತ್ತಲಲ್ಲಿ ಚಕ್ಕಡಿ ಇತ್ತು. ನೊಗ ಒಂದು ಕಡೆ, ಮೂಕಿ ಒಂದು ಕಡೆ. ಗಾಲಿಯ ಕಬ್ಬಿಣದ ಹಳಿ ತುಕ್ಕು ಹಿಡಿದು ಸಡಿಲಾಗಿದೆ. ನಾನು ಬಹಳ ಹೊತ್ತು ನಿಂತದ್ದು ಇಲ್ಲೇ. ಹೇರು ಹೊತ್ತ ಚಕ್ಕಡಿ ದಿನಕ್ಕೆ 25–30 ಕಿಲೋಮೀಟರ್ ನಡೆದರೆ ಹೆಚ್ಚು. ಬೈಲಹೊಂಗಲದಿಂದ ಬೆಳಗಾವಿಗೆ ಇಂದು ಮೋಟಾರಿನಲ್ಲಿ ಒಂದು ತಾಸಿನ ದಾರಿ. ಆಗ ಹೋಗಲು ಎರಡು ದಿನ, ಬರಲು ಎರಡು ದಿನ, ನಡುವೆ ಮಾರಾಟ, ವಸೂಲಿ, ಎತ್ತಿನ ವಿಶ್ರಾಂತಿ. ಎರೆಭೂಮಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಕಾಲವೂ ಅದೇ ಶತಮಾನ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಒಳಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಘಟ್ಟ ಇಳಿದ ಗಾಡಿ ತಿರುಗಿ ಬರಲು ವಾರಗಳೇ ಹಿಡಿಯುತ್ತಿದ್ದವು. ಮಳೆಗಾಲದಲ್ಲಿ ಹೊಳೆ ಬಂದರೆ ಅದು ಇಳಿಯುವ ತನಕ ದಂಡೆಯ ಮೇಲೇ ಬಿಡಾರ. ಮನೆಯಲ್ಲಿದ್ದವರಿಗೆ ಸುದ್ದಿಯಿಲ್ಲ. ಈರ್ಯಾ ವ್ಯಾಪಾರಕ್ಕೆ ಹೋದಾಗ ಸಂಗ್ಯಾನಿಗೆ ಸಿಕ್ಕ ದಿನಗಳು ಎತ್ತಿನ ನಡಿಗೆ ಅಳೆದುಕೊಟ್ಟ ದಿನಗಳು.

ಬಾಗಲಕೋಟೆ ಕಡೆಯ ಇನ್ನೊಂದು ಹೆಸರಾದ ಸಣ್ಣಾಟ ‘ಕಡ್ಲಿಮಟ್ಟಿ ಸ್ಟೇಷನ್ ಮಾಸ್ತರ’ವನ್ನು ಇದರ ಪಕ್ಕ ಇಟ್ಟು ನೋಡಬೇಕು. ಅದು ರೈಲು ಬಂದ ಮೇಲಿನ ಕತೆ. ಅಲ್ಲಿ ಅಪಾಯ ರೈಲುಗಾಡಿಯ ವೇಳೆಯ ಜೊತೆ, ಸ್ಟೇಷನ್ನಿನ ಒಂಟಿ ರಾತ್ರಿಯ ಜೊತೆ ಬರುತ್ತದೆ. ಚಕ್ಕಡಿಯಿಂದ ರೈಲಿಗೆ ಬರುವಷ್ಟರಲ್ಲಿ ಹೆಣ್ಣಿನ ಸಂಕಟದ ಜಾಗವೇ ಬದಲಾಯಿತು, ಪಡಸಾಲೆಯಿಂದ ಪ್ಲಾಟ್‌ಫಾರ್ಮಿಗೆ.

ಇಲ್ಲಿಂದ ಕಿತ್ತೂರು ದೂರವಿಲ್ಲ. ಅಲ್ಲಿಯ ಕೋಟೆಯ ವಸ್ತುಸಂಗ್ರಹಾಲಯವನ್ನು ಹಲವು ಸಲ ನೋಡಿದ್ದೇನೆ. 1824ರ ಕಿತ್ತೂರು ಹೋರಾಟದ ನೆನಪಿಗೆ ಕತ್ತಿ, ಶಾಸನ, ಶಿಲ್ಪಗಳನ್ನು ಕಾಪಾಡಿದ್ದು ಸರಿಯೇ. ಈ ಅಗಳಿ, ಬೀಸುಕಲ್ಲು, ಗೋದಲಿಗಳಿಗೂ ಅಂಥದೊಂದು ನೆರಳು ಬೇಕು. ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಇವು ಮೊದಲು ಒಲೆಗೆ, ಗುಜರಿಗೆ ಹೋಗುತ್ತವೆ. ಹೋದ ಮೇಲೆ ಪತ್ತಾರ ಮಾಸ್ತರರ ಆಟದ ಅರ್ಧ ಮಾತು ನಮ್ಮ ಮಕ್ಕಳಿಗೆ ಹತ್ತುವುದಿಲ್ಲ.

ಸಂಜೆ ಹೊಳೆಯ ಕಡೆ ಹೋಗಿ ಬಂದೆ. ನಡುನೀರಿನಲ್ಲಿ ಗಂಗಾಂಬಿಕೆಯ ಐಕ್ಯಮಂಟಪ. ಬಸವಣ್ಣನವರ ಮಡದಿಗೆ ಕೈ ಮುಗಿಯಲು ಬಂದವರು ಮೆಟ್ಟಿಲಿಳಿಯುತ್ತಿದ್ದರು. ಅದೇ ಸೀಮೆಯ ಇನ್ನೊಬ್ಬ ಗಂಗೆಯನ್ನು ಜನ ನೂರಾರು ರಾತ್ರಿ ಪಂಜಿನ ಬೆಳಕಿನಲ್ಲಿ ಕೂತು ತಪ್ಪಿತಸ್ಥೆಯೆಂದೇ ನೋಡಿದ್ದಾರೆ, ನಾನೂ ನೋಡಿದ್ದೇನೆ.

ಹೊರಡುವಾಗ ಅಜ್ಜಿಯನ್ನು ಕೇಳಿದೆ, ಸಂಗ್ಯಾ ಬಾಳ್ಯಾ ಆಟ ನೋಡಿದ್ದೀರೇನ್ರಿ ಅಂತ.

“ಏಸೋ ಸಲ ನೋಡೀನಿ. ಎಲ್ಲಾರೂ ಗಂಗೀನ್ನ ಬೈತಾರ.” ಅಗಳಿಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. “ನಮ್ಮ ಮನಿಯವ್ರೂ ಹತ್ತಿ ಗಾಡಿ ಹೂಡಿಕೊಂಡ ಹೋಗವ್ರು. ಸಂಜಿ ಆತಂದ್ರ ಇದನ್ನ ಹಾಕ್ಕೊಂಡು ಒಬ್ಬಾಕೀನ ಕುಂಡ್ರತಿದ್ನಿ. ಆಕಿ ಅದೆಷ್ಟ ಸಂಜಿ ಕುಂತಿದ್ಳೋ, ಯಾರರ ಎಣಸ್ಯಾರೇನು ತಮ್ಮಾ?”