ಗೋಗಿಯ ಯುರೇನಿಯಮ್ಮೂ ಜೀವಿಗಳ ಶರೀರವೂ

ಪ್ರಶ್ನೆ: ನಮ್ಮ ಭೀಮಾ ಸೀಮೆಯ ಗೋಗಿಯಲ್ಲಿ ಯುರೇನಿಯಂ ಇದೆಯಂತೆ. ಅಣುಇಂಧನದ ಇಂಥ ದ್ರವ್ಯಗಳಿಂದ ಮನುಷ್ಯರಿಗೂ ದನಕರುಗಳಿಗೂ ಏನಾಗುತ್ತದೆ?
— ಓದುಗರೊಬ್ಬರು, ನಿಂಬರ್ಗಾ

ಉತ್ತರ: ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸುಣ್ಣಕಲ್ಲೂ ಅದರಡಿಯ ಗ್ರಾನೈಟೂ ಬಿರಿದ ಸ್ತರಭಂಗದ ಗುಂಟ, ಯುರೇನಿಯಂ ನಿಕ್ಷೇಪವಿರುವುದು ನಿಜ, ಆದರೆ ಅದರ ಕಿರಣವು ನಿಂಬರ್ಗಾದಲ್ಲಿ ಕುಳಿತವರನ್ನು ತಾಗಲಾರದು. ಸುಮಾರು 450 ಕೋಟಿ ವರ್ಷಗಳ ಅರ್ಧಾಯುಷ್ಯವುಳ್ಳ ಯುರೇನಿಯಂ-238 ಬಲು ಮಂದವಾಗಿ ಕ್ಷಯಿಸುವುದರಿಂದಲೂ, ಅದು ಹೊಮ್ಮಿಸುವ ಆಲ್ಫಾ ಕಣಗಳು ಚರ್ಮದ ಹೊರಪದರವನ್ನೇ ದಾಟಲಾರವಾದುದರಿಂದಲೂ, ಹೊರಗಿನಿಂದ ಭಯವು ಅಲ್ಪ. ಭಯವಿರುವುದು ಒಳಹೊಕ್ಕಾಗ. ಕುಡಿಯುವ ನೀರಿನೊಡನೆ ಸೇರಿದ ಯುರೇನಿಯಂ ವಿಕಿರಣಕ್ಕಿಂತ ಮೊದಲು ತನ್ನ ರಾಸಾಯನಿಕ ವಿಷದಿಂದಲೇ ಮೂತ್ರಪಿಂಡಗಳನ್ನು ಪೀಡಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ 30 ಮೈಕ್ರೋಗ್ರಾಮಿನ ಮಿತಿಯನ್ನು ಸೂಚಿಸಿರುವುದು ಆ ಕಾರಣದಿಂದಲೇ. ಯುರೇನಿಯಂ ಕ್ಷಯಿಸಿ ಹುಟ್ಟುವ ಸಂತತಿಯಾದ ರೇಡಿಯಂ ಕ್ಯಾಲ್ಸಿಯಮ್ಮಿನ ವೇಷದಲ್ಲಿ ಎಲುಬು ಸೇರುತ್ತದೆ. ಮತ್ತೊಂದು ಸಂತತಿಯಾದ ರೇಡಾನ್ ಅನಿಲವು, ಗಾಳಿಯಾಡದ ಗಣಿಗಳಲ್ಲಿ ದುಡಿದವರ ಶ್ವಾಸಕೋಶಗಳಲ್ಲಿ ಅರ್ಬುದವನ್ನು ಹುಟ್ಟಿಸಿದುದು ಅನೇಕ ದೇಶಗಳಲ್ಲಿ ದೃಢಪಟ್ಟಿದೆ.

ಅಣುಸ್ಥಾವರದಲ್ಲಿ ಉರಿದ ಇಂಧನದ ಮಾತೇ ಬೇರೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಹೊರಬಿದ್ದ ಅಯೋಡಿನ್-131, ಕೇವಲ 8 ದಿನಗಳ ಅರ್ಧಾಯುಷ್ಯದ್ದಾದರೂ, ಹುಲ್ಲಿನಿಂದ ಹಸುವಿಗೂ ಹಾಲಿನಿಂದ ಕೂಸುಗಳ ಥೈರಾಯ್ಡ್ ಗ್ರಂಥಿಗೂ ಸಾಗಿ, ಸಹಸ್ರಾರು ಮಕ್ಕಳಲ್ಲಿ ಅರ್ಬುದಕ್ಕೆ ಕಾರಣವಾಯಿತು. ನಮ್ಮ ಕೈಗಾ ಅಣುಸ್ಥಾವರದಲ್ಲಿಯೂ 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕವುಳ್ಳ ಭಾರಜಲವನ್ನು ಬೆರೆಸಿದರು (ದುಷ್ಕೃತ್ಯವೆನ್ನದೆ ಇದನ್ನು ಮತ್ತೇನೆನ್ನೋಣ!), 50ಕ್ಕೂ ಹೆಚ್ಚು ನೌಕರರ ದೇಹವನ್ನು ಅದು ಹೊಕ್ಕಿತಾದರೂ, ಟ್ರಿಟಿಯಂ ನೀರಾಗಿಯೇ ಸಂಚರಿಸಿ ಸುಮಾರು 10 ದಿನಗಳಿಗೊಮ್ಮೆ ಅರ್ಧದಷ್ಟು ಮೂತ್ರಾದಿಗಳ ಮೂಲಕ ಹೊರಹೋಗುವುದರಿಂದ, ಹೇರಳವಾಗಿ ನೀರು ಕುಡಿಸುವುದೇ ಅದಕ್ಕೆ ಮುಖ್ಯ ಚಿಕಿತ್ಸೆ.